ಮೊಂಬಾಸಾ: ಕೋಟೆ ಕಟ್ಟಿದವರ ಊರೋ, ಗಾಳಿ ಕಟ್ಟಿದ ಊರೋ?

ಪುಟತಿರುವು
ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳ ಓದಿಗೆಂದು ಕೀನ್ಯಾದ ಮೊಂಬಾಸಾ ಬಂದರಿನ ಮೇಲೆ ಎಂಟು ಪುಟದ ಬರಹ ಸಿದ್ಧವಾಗ್ತಿದೆ. ಸಿಕ್ಕ ಲೇಖನಗಳಲ್ಲೆಲ್ಲ ಒಂದೇ ರಾಗ: ಪೋರ್ಚುಗೀಸರು ಬಂದರು, ಫೋರ್ಟ್ ಜೀಸಸ್ ಕಟ್ಟಿದರು, ಊರು ಬೆಳೆಯಿತು. ಹೀಗೇ ಬರೆದರೆ ಸರಿಯಾ? ಕೋಟೆಗೆ ಮುಂಚೆ ಅಲ್ಲಿ ಏನಿತ್ತು? ಹಳೇ ಬಂದರು ಬಿಟ್ಟು ದ್ವೀಪದ ಆಚೆ ಪಕ್ಕಕ್ಕೆ ಹೊಸ ಬಂದರು ಹೋಗಿದ್ದು ಯಾಕೆ? ಮತ್ತೆ, ಅಲ್ಲಿನ ಮನೆಗಳ ಮೇಲೆ ಮಂಗಳೂರು ಹಂಚು ಇದೆ ಅಂತಾರಲ್ಲ, ಅದು ನಿಜವೋ ಬರೀ ಮಾತೋ? ತಿಳಿದವರು ಹೇಳಿ.

ಅಳಿವೆಬಾಗಿಲು
ಹಾಗೆ ಬರೆಯಲೇಬೇಡಿ ಮಾರಾಯ್ರೆ. ಕೋಟೆಯ ಕೆಲಸ ಶುರುವಾಗಿದ್ದು 1593ರಲ್ಲಿ. ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತಾ ಅಲ್ಲಿ ಇಳಿದದ್ದು 1331ರಲ್ಲಿ. ಆಗಲೇ ಅದು ದೊಡ್ಡ ಊರು. ಬಾಳೆ, ನಿಂಬೆ ಇದೆ, ಆದರೆ ಧಾನ್ಯ ಬೆಳೆಯಲ್ಲ, ಅದು ಎದುರಿನ ದಡದಿಂದ ಬರಬೇಕು ಅಂತ ಬರೆದಿಟ್ಟಿದ್ದಾನೆ. ಮಸೀದಿಗಳು ಮರದವು, ಗಟ್ಟಿಮುಟ್ಟಾದವು ಅಂತಲೂ ಇದೆ. ಹೊಟ್ಟೆಗೆ ಬೇಕಾದ ಅಕ್ಕಿ ಜೋಳ ಬೆಳೆಯದ ದ್ವೀಪದಲ್ಲಿ ಅಷ್ಟು ಜನ ಯಾಕಿದ್ದರು? ವ್ಯಾಪಾರಕ್ಕೆ. ಊರನ್ನು ಕಟ್ಟಿದ್ದು ಸ್ವಾಹಿಲಿಗಳು, ಅಂದರೆ ಪೂರ್ವ ಆಫ್ರಿಕಾದ ಕರಾವಳಿಯವರೇ. ಕೋಟೆ ಅವರ ಊರಿನ ಅಂಚಿನಲ್ಲಿ ಕಟ್ಟಿದ್ದು.

ಮೂಡಣ_ಗಾಳಿ
ಅದಕ್ಕೂ ಮುಂಚೆ ಗಾಳಿ. ಅದನ್ನು ಬಿಟ್ಟು ಮೊಂಬಾಸಾ ಬರೆದರೆ ಮಕ್ಕಳಿಗೆ ಏನೂ ಅರ್ಥ ಆಗಲ್ಲ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸೋದು ‘ಕಸ್ಕಾಜಿ’. ಅರಬ್ ಕರಾವಳಿಯಿಂದ, ನಮ್ಮ ಕರಾವಳಿಯಿಂದ ಹಡಗುಗಳನ್ನು ಮೊಂಬಾಸಾಕ್ಕೆ ತಳ್ಳಿಕೊಂಡು ಹೋಗೋದು ಅದು. ಏಪ್ರಿಲ್‌ನಿಂದ ದಕ್ಷಿಣದ ಕಡೆಯಿಂದ ಬರೋದು ‘ಕೂಸಿ’, ವಾಪಸು ಕಳಿಸೋದು ಅದು. ಜೂನ್, ಜುಲೈ ಹೊತ್ತಿಗೆ ಇತ್ತ ನಮ್ಮ ಬಂದರುಗಳ ಬಾಯಿ ಮಳೆಗಾಲಕ್ಕೆ ಮುಚ್ಚಿರುತ್ತಿತ್ತು, ಹಾಗಾಗಿ ಕೂಸಿ ಜೋರಾಗುವ ಮುಂಚೆಯೇ ಹೊರಡಬೇಕು. ಕಸ್ಕಾಜಿಯಲ್ಲಿ ಬಂದವನು ಗಾಳಿ ತಿರುಗುವ ತನಕ ತಿಂಗಳುಗಟ್ಟಲೆ ಅಲ್ಲೇ ಉಳಿಯಬೇಕು. ಬಾಡಿಗೆ ಮನೆ, ಗೋದಾಮು, ಮದುವೆ, ಮಕ್ಕಳು, ಭಾಷೆಯ ಬೆರಕೆ ಎಲ್ಲವೂ ಆ ಕಾಯುವಿಕೆಯಿಂದ ಆದದ್ದು. ಸ್ವಾಹಿಲಿ ಊರುಗಳ ಸ್ವಭಾವವೇ ಅದು.

ಹಾಯಿಪಟ
ಗಾಳಿ ಎಷ್ಟು ಮುಖ್ಯ ಅನ್ನೋದಕ್ಕೆ ವಾಸ್ಕೋ ಡ ಗಾಮನ ತಾರೀಕುಗಳಿಗಿಂತ ಒಳ್ಳೆ ಪಾಠ ಇಲ್ಲ. 1498ರ ಏಪ್ರಿಲ್ 7ಕ್ಕೆ ಮೊಂಬಾಸಾದ ಹೊರಗೆ ಲಂಗರು. ಅಲ್ಲಿ ಪರಸ್ಪರ ನಂಬಿಕೆ ಕೂಡಿಬರಲಿಲ್ಲ, ರಾತ್ರಿ ಈಜಿ ಬಂದವರು ಲಂಗರಿನ ಹಗ್ಗ ಕತ್ತರಿಸೋಕೆ ನೋಡಿದರು. ಅಲ್ಲಿಂದ ಉತ್ತರಕ್ಕಿರುವ ಮಾಲಿಂದಿ ಬಂದರಿಗೆ ಹೋಗಿ, ದಾರಿ ಬಲ್ಲ ಮಾಲುಮಿಯನ್ನು ಹತ್ತಿಸಿಕೊಂಡು ಏಪ್ರಿಲ್ 24ಕ್ಕೆ ಹೊರಟ. ಮೇ 20ಕ್ಕೆ ಕಲ್ಲಿಕೋಟೆಯ ಹತ್ತಿರ. ನಾಲ್ಕು ವಾರವೂ ಪೂರ್ತಿ ಆಗಿಲ್ಲ.

ಈಗ ವಾಪಸು ದಾರಿ ನೋಡಿ. ಕಾರವಾರದ ಎದುರಿನ ಅಂಜದೀವ ದ್ವೀಪದಿಂದ ಅಕ್ಟೋಬರ್ 5ಕ್ಕೆ ಹೊರಟ. ಕಸ್ಕಾಜಿ ಇನ್ನೂ ಹಿಡಿದಿರಲಿಲ್ಲ. ಒಂದು ದಿನ ಗಾಳಿಯೇ ಇಲ್ಲ, ಇನ್ನೊಂದು ದಿನ ಎದುರುಗಾಳಿ. ಮಾಲಿಂದಿ ಮುಟ್ಟಿದ್ದು 1499ರ ಜನವರಿ 7ಕ್ಕೆ, ಮೂರು ತಿಂಗಳು ಕಳೆದು. ವಸಡು ಊದಿ ಕೊಳೆಯುವ ಸ್ಕರ್ವಿ ಬಂದು ಮೂವತ್ತರಷ್ಟು ಜನ ನಡುಗಡಲಲ್ಲೇ ಹೋದರು. ಉಳಿದ ಕೈಗಳು ಮೂರು ಹಡಗಿಗೆ ಸಾಲದೆ ಸಾವ್ ರಫಾಯೆಲ್ ಹಡಗನ್ನು ಮೊಂಬಾಸಾದ ದಕ್ಷಿಣಕ್ಕೆ ಸುಟ್ಟುಬಿಟ್ಟರು. ಎರಡು ತಿಂಗಳು ತಡೆದು ಹೊರಟಿದ್ದರೆ ಅಷ್ಟು ಜನ ಸಾಯುತ್ತಿರಲಿಲ್ಲ.

ಬಯಲುಸೀಮೆ
ಆ ಮಾಲುಮಿ ಅರಬರ ಹೆಸರಾಂತ ನಾವಿಕ ಇಬ್ನ್ ಮಾಜಿದ್ ಅಲ್ಲೇನ್ರಿ? ಎಲ್ಲಾ ಪುಸ್ತಕದಾಗೂ ಅದೇ ಹೆಸರು ಐತಿ.

ಹಾಯಿಪಟ
ಪುಸ್ತಕಗಳಲ್ಲಿದೆ, ಒಪ್ಪಿದೆ. ಆದರೆ ಈಗಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಅದನ್ನು ಕೈಬಿಟ್ಟಿದ್ದಾರೆ. ಪೋರ್ಚುಗೀಸ್ ಬರಹಗಳಲ್ಲಿ ಅವನನ್ನು ಗುಜರಾತಿನ ಮುಸ್ಲಿಂ ಅಂತ ಕರೆದಿದ್ದಾರೆ. ಮಕ್ಕಳ ಪುಸ್ತಕದಲ್ಲಿ ‘ಮಾಲಿಂದಿಯಲ್ಲಿ ಸಿಕ್ಕ ಮಾಲುಮಿ’ ಅಂತ ಬರೆದರೆ ತಪ್ಪಾಗಲ್ಲ.

ಅಳಿವೆಬಾಗಿಲು
ಅಂಜದೀವದ ಮಾತು ಬಂತಲ್ಲ, 1505ನ್ನು ಬಿಡಬೇಡಿ. ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೋ ದ ಅಲ್ಮೇಡಾ ಆ ವರ್ಷ ಆಗಸ್ಟಿನಲ್ಲಿ ಮೊಂಬಾಸಾವನ್ನು ಲೂಟಿ ಮಾಡಿ ಸುಟ್ಟ. ಗೋಡೆ ಕಲ್ಲಿನದಾದರೂ ಮಾಡು (ಚಾವಣಿ) ಮಡಲಿನದು, ಬೆಂಕಿ ಒಂದು ಮಾಡಿನಿಂದ ಇನ್ನೊಂದಕ್ಕೆ ಹಾರಿತು. ಅದೇ ದಂಡು ಸೆಪ್ಟೆಂಬರಿನಲ್ಲಿ ಅಂಜದೀವಕ್ಕೆ ಬಂದು ಕೋಟೆ ಕಟ್ಟಲು ಶುರು ಮಾಡಿತು, ಅಕ್ಟೋಬರಿನಲ್ಲಿ ಹೊನ್ನಾವರದ ಬಂದರಿನಲ್ಲಿ ಹಡಗುಗಳಿಗೆ ಬೆಂಕಿ ಇಟ್ಟಿತು. ಮೊಂಬಾಸಾ ಮತ್ತು ಹೊನ್ನಾವರ, ಎರಡಕ್ಕೂ ಒಂದೇ ವರ್ಷ, ಒಂದೇ ದಂಡಿನಿಂದ ಪೆಟ್ಟು. ನಮ್ಮ ಮಕ್ಕಳಿಗೆ ಇದು ಗೊತ್ತಿರಲೇಬೇಕು.

ಕಲ್ಲುಕೆಲಸ
ಹಾಗಂತ ಕೋಟೆಯನ್ನು ಮೂಲೆಗೆ ತಳ್ಳಬೇಡಿ. ಫೋರ್ಟ್ ಜೀಸಸ್ ಕಟ್ಟಡವಾಗಿ ಬಹಳ ದೊಡ್ಡದು. ನಕ್ಷೆ ಬರೆದವನು ಇಟಲಿಯ ಜೊವಾನಿ ಬತಿಸ್ತಾ ಕೈರಾತಿ, ಪೋರ್ಚುಗೀಸ್ ಇಂಡಿಯಾದ ಮುಖ್ಯ ಶಿಲ್ಪಿ. ಗಾರೆ ಕೆಲಸದವರು ಇಂಡಿಯಾದಿಂದ ಹೋದವರು. ಮೇಲಿನಿಂದ ನೋಡಿದರೆ ಕೈಕಾಲು ಚಾಚಿ ಮಲಗಿದ ಮನುಷ್ಯನ ಆಕಾರ. ಮೂಲೆಗಳಲ್ಲಿ ಚೂಪಾಗಿ ಚಾಚಿದ ನಾಲ್ಕು ಬುರುಜು. ಒಂದು ಬುರುಜಿನ ಬುಡಕ್ಕೆ ಬಂದವನ ಮೇಲೆ ಪಕ್ಕದ ಬುರುಜಿನಿಂದ ಗುಂಡು ಹಾರಿಸಬಹುದು, ಗೋಡೆಯ ಕೆಳಗೆ ಅವಿತುಕೊಳ್ಳೋಕೆ ಜಾಗವೇ ಇಲ್ಲ. ತಳಪಾಯ ಹವಳದ ಬಂಡೆಯ ಮೇಲೇ ಕೂತಿದೆ, ಹಾಗಾಗಿ ಸುರಂಗ ತೋಡಿ ಮದ್ದಿಟ್ಟು ಗೋಡೆ ಕೆಡವೋದೂ ಸುಲಭವಲ್ಲ. ಸಮುದ್ರದ ಕಡೆ ಬಂಡೆ ಕೊರೆದು ಕಮಾನಿನ ದಾರಿ ಬಿಟ್ಟಿದ್ದಾರೆ, ಹಡಗಿನ ಸಾಮಾನು ನೇರ ಒಳಕ್ಕೆ ತರೋಕೆ. 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೂಡಣ_ಗಾಳಿ
ಅಷ್ಟೆಲ್ಲ ಇದ್ದೂ ಬಿತ್ತಲ್ಲ.

ಕಲ್ಲುಕೆಲಸ
ಗೋಡೆ ಬೀಳಲಿಲ್ಲ, ಒಳಗಿದ್ದ ಜನ ಬಿದ್ದರು. ಒಮಾನಿಗಳ ಮುತ್ತಿಗೆ 1696ರ ಮಾರ್ಚ್‌ನಿಂದ 1698ರ ಡಿಸೆಂಬರ್‌ವರೆಗೆ, 33 ತಿಂಗಳು. ಗುಂಡಿಗಿಂತ ರೋಗಕ್ಕೆ ಸತ್ತವರೇ ಹೆಚ್ಚು. ಗೋವಾದಿಂದ ನೆರವು ಬರಬೇಕು ಅಂದರೆ ಗಾಳಿ ತಿರುಗೋವರೆಗೆ ಕಾಯಬೇಕು. ಇಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ, ಕೊನೆಗೆ ಕೋಟೆಯ ಹಣೆಬರಹ ಬರೆದದ್ದೂ ಗಾಳಿಯೇ.

ನೆರವಿಗೆ ಬಂದಿದ್ದ ‘ಸಾಂತೋ ಆಂತೋನಿಯೋ ದ ತಾನ್ನಾ’ ಹಡಗು 1697ರಲ್ಲಿ ಕೋಟೆಯ ಎದುರೇ ಮುಳುಗಿತು. ಅದು ಕಟ್ಟಿದ್ದು ಮುಂಬೈ ಹತ್ತಿರದ ನಮ್ಮ ವಸಾಯಿಯಲ್ಲಿ. 1977ರಿಂದ 1980ರವರೆಗೆ ಮುಳುಗುಗಾರರು ಅದನ್ನು ಅಗೆದು ತೆಗೆದ ಸಾಮಾನು ಕೋಟೆಯ ಮ್ಯೂಸಿಯಂನಲ್ಲಿದೆ.

ಕರಾವಳಿ_ಕಡತ
ಗೋವಾದ ಇನ್ನೊಂದು ಎಳೆ: ಮೊಂಬಾಸಾದ ರಾಜಕುಮಾರ ಯೂಸುಫ್ ಬಿನ್ ಹಸನ್. ಗೋವಾದ ಪಾದ್ರಿಗಳ ಹತ್ತಿರ ಬೆಳೆದು, ಕ್ರೈಸ್ತನಾಗಿ, ದೊಂ ಜೆರೊನಿಮೊ ಅನ್ನೋ ಹೆಸರಿನಲ್ಲಿ ಸಿಂಹಾಸನಕ್ಕೆ ಬಂದ. 1631ರಲ್ಲಿ ತಿರುಗಿ ಬಿದ್ದು ಕೋಟೆಯ ಕಪ್ತಾನನನ್ನು ಕೊಂದು ಕೋಟೆ ಹಿಡಿದ, ಮತ್ತೆ ಇಸ್ಲಾಮಿಗೆ ಮರಳಿದ. ಮರುವರ್ಷ ಗೋವಾದಿಂದ ಬಂದ ದಂಡು ಅವನನ್ನು ಸೋಲಿಸಲಾಗದೆ ವಾಪಸಾಯಿತು. ಆಮೇಲೆ ಅವನೇ ಕೋಟೆ ಬಿಟ್ಟು ಹಡಗು ಹತ್ತಿದ್ದಕ್ಕೆ ಪೋರ್ಚುಗೀಸರು ಒಳಗೆ ಬಂದದ್ದು. ಎಂಟು ಪುಟದಲ್ಲಿ ಅವನಿಗೆ ಅರ್ಧ ಪುಟ ಕೊಡಿ.

ಬಯಲುಸೀಮೆ
ಊರಿನ ಇನ್ನೊಂದು ಹೆಸರು ‘ಮ್ವಿತಾ’ ನೋಡ್ರಿ. ‘ವಿತಾ’ ಅಂದ್ರ ಯುದ್ಧ. ಪೋರ್ಚುಗೀಸ್, ಒಮಾನಿ, ಮಜ್ರುಯಿ ಮನೆತನ, 1824ರಿಂದ ಎರಡು ವರ್ಷ ಬ್ರಿಟಿಷ್ ಬಾವುಟ, 1837ಕ್ಕೆ ಜಾಂಜಿಬಾರದ ಸುಲ್ತಾನ ಸಯ್ಯಿದ್ ಸಯೀದ್, ಆಮ್ಯಾಲೆ ಮತ್ತ ಬ್ರಿಟಿಷರು. ಕೋಟೆನ 1895ರಿಂದ ಜೈಲು ಮಾಡಿಟ್ಟಿದ್ರು, 1958ರ ತನಕ. ಹೆಸರು ಸುಮ್ನ ಬಂದಿಲ್ಲ.

ಪುಟತಿರುವು
ಎಷ್ಟೊಂದು ಸಿಕ್ಕಿತು! ಬಂದರು ಜಾಗ ಬದಲಾಯಿಸಿದ್ದರ ಬಗ್ಗೆ ಯಾರಾದರೂ ಹೇಳ್ತೀರಾ?

ಅಳಿವೆಬಾಗಿಲು
ಮೊದಲು ಹವಳದ ದಿಬ್ಬ ಅರ್ಥ ಮಾಡ್ಕೊಳ್ಳಿ. ಆ ಕರೆಯುದ್ದಕ್ಕೂ ದಡದಿಂದ ಸ್ವಲ್ಪ ದೂರದಲ್ಲಿ ಹವಳದ ಗೋಡೆ ಉಂಟು. ಸಿಹಿನೀರು, ಕೆಸರು ಬಂದು ಸೇರುವಲ್ಲಿ ಹವಳ ಬೆಳೆಯುವುದಿಲ್ಲ, ಅಲ್ಲಿ ಗೋಡೆಗೆ ಬಾಗಿಲು ಬೀಳ್ತದೆ. ಮೊಂಬಾಸಾ ಅಂಥ ಬಾಗಿಲ ಒಳಗಿನ ದ್ವೀಪ. ಹಿಂದೆ ನದಿ ಕೊರೆದ ಕಣಿವೆಗಳು ಸಮುದ್ರ ಏರಿದಾಗ ಮುಳುಗಿ, ದ್ವೀಪದ ಎರಡೂ ಪಕ್ಕ ಒಳಕ್ಕೆ ಚಾಚಿದ ಹಿನ್ನೀರು ಆಗಿವೆ.

ಪೂರ್ವದ ಪಕ್ಕ ಹಳೇ ಬಂದರು: ಕಿರಿದು, ಆಳ ಕಡಿಮೆ. ಹಾಯಿ ಹಡಗಿಗೆ ಅದೇ ಅನುಕೂಲ, ಇಳಿತದಲ್ಲಿ ಹಡಗನ್ನು ಮರಳಿನ ಮೇಲೆ ಕೂರಿಸಿ ತಳ ಕೆರೆದು ಎಣ್ಣೆ ಬಳಿಯಬಹುದು. ಅಲ್ಲಿ ದೊಡ್ಡ ಭರತಕ್ಕೂ ಇಳಿತಕ್ಕೂ ವ್ಯತ್ಯಾಸ ಮೂರು ಮೀಟರಿಗೂ ಮಿಕ್ಕಿ. ಮಂಗಳೂರಿನಲ್ಲಿ ಅದರ ಅರ್ಧದಷ್ಟು. ಪಶ್ಚಿಮದ ಪಕ್ಕ ಕಿಲಿಂದಿನಿ. ಹೆಸರಲ್ಲೇ ‘ಆಳದ ನೀರು’ ಅನ್ನುವ ಅರ್ಥ. ಉಗಿಹಡಗಿಗೆ ಬೇಕಾದದ್ದು ಆ ಆಳ. ಅದೂ ಅಲ್ಲದೆ ಕೋಟೆ ಕಾಯುತ್ತಿದ್ದುದು ಹಳೇ ಬಂದರಿನ ಬಾಯಿಯನ್ನು. ಹಾಗಾಗಿ ಊರಿನ ಮುಖವೇ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿತು.

ಗೇಜು_ಗಾಲಿ
ಆಳ ಮೊದಲೂ ಇತ್ತು, ನೂರಾರು ವರ್ಷ ಯಾರೂ ಬಳಸಲಿಲ್ಲ. ತಿರುಗಿಸಿದ್ದು ರೈಲು. ಉಗಾಂಡಾ ರೈಲ್ವೆ 1896ರಲ್ಲಿ ಕಿಲಿಂದಿನಿಯಿಂದಲೇ ಹೊರಟಿತು, ಯಾಕಂದರೆ ಹಳಿ, ಇಂಜಿನ್ ಇಳಿಸೋಕೆ ಹಳೇ ಬಂದರಿನಲ್ಲಿ ಆಗುತ್ತಿರಲಿಲ್ಲ. 1899ಕ್ಕೆ ನೈರೋಬಿ, 1901ಕ್ಕೆ ವಿಕ್ಟೋರಿಯಾ ಸರೋವರ. ಮೀಟರ್ ಗೇಜ್ ಆರಿಸಿದ್ದು ಇಂಡಿಯಾದ ಇಂಜಿನ್, ಡಬ್ಬಿ ತಂದು ಹಾಗೇ ಓಡಿಸಬಹುದು ಅಂತ. ಮರದ ಸ್ಲೀಪರನ್ನು ಗೆದ್ದಲು ತಿನ್ನುತ್ತೆ, ಅದಕ್ಕೆ ಉಕ್ಕಿನವು. ಕರೆ ದಾಟಿದ ಕೂಡಲೇ ತಾರು ಅನ್ನೋ ನೀರಿಲ್ಲದ ಕುರುಚಲು ಕಾಡು. ಕೂಲಿಯವರಿಗೂ ಇಂಜಿನ್ನಿಗೂ ಬೇಕಾದ ನೀರನ್ನು ಹಿಂದಿನಿಂದ ರೈಲಿನಲ್ಲೇ ಸಾಗಿಸಬೇಕಾಯ್ತು. ಒಂದು ರೈಲು ಹಳಿ ತಪ್ಪಿದರೆ ಮುಂದಿನ ಶಿಬಿರಕ್ಕೆ ನೀರಿಲ್ಲ.

ಇಂಡಿಯಾದಿಂದ ಹೋದ ಕೂಲಿಗಳು ಸುಮಾರು 32,000. ಸತ್ತವರು 2,500ರ ಹತ್ತಿರ. ಕೂಲಿಗಳನ್ನು ತಿಂದ ತ್ಸಾವೋದ ಎರಡು ಸಿಂಹಗಳ ಕಥೆ ಎಲ್ಲರಿಗೂ ಗೊತ್ತು, ಆದರೆ ಈ ಜನರಲ್ಲಿ ಬಹುಪಾಲು ಹೋದದ್ದು ರೋಗಕ್ಕೆ ಮತ್ತು ಅಪಘಾತಕ್ಕೆ. ಮಕ್ಕಳಿಗೆ ಸಿಂಹದ ಮುಂಚೆ ಅದನ್ನು ಹೇಳಿ.

ಪುಟತಿರುವು
ಅಲ್ಲಿನ ಗುಜರಾತಿಗಳೂ ಹೀಗೆ ರೈಲಿನ ಕೆಲಸಕ್ಕೆ ಹೋದವರ ಮಕ್ಕಳೇ?

ಗೇಜು_ಗಾಲಿ
ಅಲ್ಲ, ಇದು ಎಲ್ಲರೂ ಮಾಡುವ ತಪ್ಪು. ರೈಲಿಗೆ ಹೋದವರು ಹೆಚ್ಚಾಗಿ ಪಂಜಾಬಿನವರು, ಕರಾಚಿಯಿಂದ ಹಡಗು ಹತ್ತಿದವರು. ಕೆಲಸ ಮುಗಿದ ಮೇಲೆ ಬಹುತೇಕರು ಊರಿಗೆ ಮರಳಿದರು, ಉಳಿದವರು 7,000ದ ಒಳಗೆ. ಗುಜರಾತಿ, ಕಛ್ಛಿ ವ್ಯಾಪಾರಿಗಳು ರೈಲಿಗಿಂತ ಎಷ್ಟೋ ಹಿಂದಿನಿಂದ ಆ ಕರೆಯಲ್ಲಿದ್ದವರು. ಅಲ್ಲಿ 1920ರವರೆಗೆ ನಡೆಯುತ್ತಿದ್ದ ಹಣವೂ ರೂಪಾಯಿಯೇ, ಶಿಲ್ಲಿಂಗ್ ಬಂದದ್ದು ಆಮೇಲೆ.

ಬಯಲುಸೀಮೆ
ಭಾಷೆ ಒಳಗೂ ಅದ ಕಾಣತೈತಿ. ನಮ್ಮ ಬಂದರು ಅವರಿಗೆ ‘ಬಂದಾರಿ’. ದುಕಾನು ‘ದುಕಾ’. ಗಾಡಿ ‘ಗಾರಿ’. ಸರ್ಕಾರ ‘ಸೆರಿಕಾಲಿ’. ವಕೀಲ ‘ವಕೀಲಿ’. ಲಕ್ಷಕ್ಕ ‘ಲಾಕಿ’. ಪೇರಲಹಣ್ಣು ‘ಪೇರಾ’, ಅದು ಪೋರ್ಚುಗೀಸರಿಂದ ಎರಡೂ ಕಡೆ ಬಂದದ್ದು. ‘ಹರಾಕಾ ಹರಾಕಾ ಹೈನಾ ಬರಾಕಾ’ ಅಂತ ಒಂದು ಗಾದಿ ಐತಿ. ಅವಸರ ಮಾಡಿದ್ರ ಬರಕತ್ತಿಲ್ಲ ಅಂತ. ನಮ್ಮ ಕಡೆ ಮುದುಕರು ಅನ್ನೋ ಬರಕತ್ತು ಅದ ‘ಬರಾಕಾ’.

ತುರಿಮಣೆ
ಬಯಲುಸೀಮೆಯವರೇ, ಆ ಗಾದೆಗಳನ್ನು ಅವರು ಸೀರೆಯ ಸೆರಗಿನ ಹಾಗೆ ಮೈಮೇಲೆ ಹೊದೆಯುತ್ತಾರೆ. ಮೊಂಬಾಸಾದಲ್ಲಿ ‘ಲೇಸೋ’ ಅಂತಾರೆ, ಬೇರೆ ಕಡೆ ‘ಕಾಂಗಾ’. ಒಂದೂವರೆ ಮೀಟರ್ ಉದ್ದ, ಒಂದು ಮೀಟರಿನಷ್ಟು ಅಗಲದ ಹತ್ತಿ ಬಟ್ಟೆ. ಅಂಚು ‘ಪಿಂದೋ’, ನಡುವಿನ ಚಿತ್ರ ‘ಮ್ಜಿ’, ಕೆಳಗೆ ಅಚ್ಚಾದ ಮಾತು ‘ಜಿನಾ’, ಅಂದರೆ ಹೆಸರು. ಎರಡು ಸೇರಿಸಿ ಜೋಡಿಯಾಗೇ ಮಾರುತ್ತಾರೆ, ನಾವೇ ಕತ್ತರಿಸಿ ಅಂಚು ಹೊಲಿಸಬೇಕು. ತಗೊಳ್ಳುವಾಗ ಬಣ್ಣಕ್ಕಿಂತ ಮೊದಲು ಮಾತು ಓದಿಸಿಕೊಳ್ಳಿ, ಕೆಲವು ನೆರೆಮನೆಯವಳಿಗೆ ನೇರ ಬೈದ ಹಾಗೆ ಇರುತ್ತವೆ!

ಇನ್ನೊಂದು, ತೆಂಗಿನಕಾಯಿ ತುರಿಯುವ ಮಣೆ ಅಲ್ಲೂ ನಮ್ಮದರ ಹಾಗೇ. ಕೂರುವ ಹಲಗೆ, ಮುಂದೆ ಹಲ್ಲಿನ ಕಬ್ಬಿಣ. ಹೆಸರು ‘ಮ್ಬುಜಿ’, ಅಂದರೆ ಮೇಕೆ.

ಮೂಡಣ_ಗಾಳಿ
ಊಟಕ್ಕೆ ಬಂದೆವು ಅಂದಮೇಲೆ ‘ಮಹಂರಿ ನ ಮ್ಬಾಜಿ’ ಹೇಳದೆ ಬಿಡಬೇಡಿ.

ತುರಿಮಣೆ
ಹೇಳ್ತೀನಿ. ‘ಮ್ಬಾಜಿ’ ಅಂದರೆ ತೊಗರಿ. ಬೇಳೆ ಅಲ್ಲ, ಇಡೀ ಕಾಳು. ಎರಡು ಲೋಟ ಕಾಳು ರಾತ್ರಿ ನೆನೆಸಿ, ಬೆಳಿಗ್ಗೆ ಉಪ್ಪು ಹಾಕದೆ ಬೇಯಿಸಿ.  ಒಂದು ದೊಡ್ಡ ಕಾಯಿಯ ಹಾಲು ಎರಡು ಸಲ ಹಿಂಡಿ. ನೀರುಹಾಲಿನಲ್ಲಿ ಬೆಂದ ಕಾಳು, ಈರುಳ್ಳಿ, ಹಸಿಮೆಣಸು, ಅರಿಸಿನ ಹಾಕಿ ಕುದಿಸಿ. ಗಟ್ಟಿಹಾಲು ಕೊನೆಗೆ, ಸಣ್ಣ ಉರಿಯಲ್ಲಿ, ಸೌಟು ಆಡಿಸುತ್ತಲೇ ಇರಬೇಕು. ಕೊತಕೊತ ಕುದಿಸಿದರೆ ಹಾಲು ಒಡೆದು ಎಣ್ಣೆ ಮೇಲೆ ನಿಲ್ಲುತ್ತೆ.

‘ಮಹಂರಿ’ಗೆ ಅರ್ಧ ಕೆಜಿ ಮೈದಾ, ಯೀಸ್ಟ್ ಒಂದೂವರೆ ಚಮಚ, ಸಕ್ಕರೆ ಅರ್ಧ ಲೋಟ, ಕುಟ್ಟಿದ ಏಲಕ್ಕಿ ಒಂದು ಚಮಚ. ಕಲಸೋದು ಉಗುರುಬೆಚ್ಚಗಿನ ಕಾಯಿಹಾಲಿನಲ್ಲಿ. ಹಾಲು ಬಿಸಿ ಇದ್ದರೆ ಯೀಸ್ಟ್ ಸಾಯುತ್ತೆ, ಹಿಟ್ಟು ಉಬ್ಬಲ್ಲ. ಎರಡರಷ್ಟು ಆದ ಮೇಲೆ ಲಟ್ಟಿಸಿ, ನಾಲ್ಕು ತುಂಡು ಮಾಡಿ, ಹತ್ತು ನಿಮಿಷ ಬಿಟ್ಟು ಕರಿಯಿರಿ. ಮೇಲೆ ಬಿಸಿ ಎಣ್ಣೆ ಚಿಮುಕಿಸಿದರೆ ಪೂರಿ ಹಾಗೆ ಉಬ್ಬಿ ಒಳಗೆ ಟೊಳ್ಳಾಗುತ್ತೆ. ಮಂಗಳೂರು ಬನ್ಸ್ ತಿಂದವರಿಗೆ ಹೊಸದು ಅನ್ನಿಸಲ್ಲ.

ಕಲ್ಲುಕೆಲಸ
ಬನ್ಸಿಗೆ ಬಾಳೆಹಣ್ಣು, ಮೊಸರು. ಯೀಸ್ಟ್ ಇಲ್ಲ. ಎರಡೂ ಬೇರೆ ಬೇರೆ.

ತುರಿಮಣೆ
ಒಪ್ಪಿದೆ. ಹೋಲಿಕೆ ಸಿಹಿಯಲ್ಲಿ ಮತ್ತು ಉಬ್ಬಿನಲ್ಲಿ ಅಷ್ಟೆ.

ಪುಟತಿರುವು
ಹಂಚಿನ ಪ್ರಶ್ನೆ ಉಳಿಯಿತು. ಮನೆಗಳ ಬಗ್ಗೆಯೂ ಹೇಳಿ.

ಕಲ್ಲುಕೆಲಸ
ಹಳೇ ಪೇಟೆಯ ಮನೆಗಳ ಕಲ್ಲು ಹವಳದ್ದೇ. ನೆಲದಡಿಯ ಹಳೇ ಹವಳದ ಕಲ್ಲು ಗೋಡೆಗೆ. ಸಮುದ್ರದಿಂದ ಹಸಿಯಾಗಿ ಕತ್ತರಿಸಿದ ಹವಳ ಕೆತ್ತನೆಗೆ, ಅದು ಒದ್ದೆ ಇದ್ದಾಗ ಮೆದು, ಗಾಳಿಗೆ ಗಟ್ಟಿಯಾಗುತ್ತೆ. ಗೋಡೆ ಅರ್ಧ ಮೀಟರಿನಷ್ಟು ದಪ್ಪ. ಮೇಲೆ ಕಾಂಡ್ಲಾ ಮರದ ತೊಲೆ, ‘ಬೊರಿತಿ’. ಅದು ಎರಡೂವರೆಯಿಂದ ಮೂರು ಮೀಟರ್ ದಾಟಿದರೆ ಭಾರಕ್ಕೆ ಬಾಗುತ್ತೆ, ಅದಕ್ಕೇ ಕೋಣೆಗಳು ಉದ್ದುದ್ದ, ಅಗಲ ಮಾತ್ರ ಅಷ್ಟೇ. ಮರದ ಅಳತೆಯೇ ಮನೆಯ ಅಳತೆ. ಬಾಗಿಲ ಆಚೀಚೆ ಕಲ್ಲಿನ ಜಗಲಿ, ‘ಬರಾಜಾ’.

ಈಗ ರಿಪೇರಿಯಲ್ಲಿ ಆಗುವ ದೊಡ್ಡ ಅನಾಹುತ ಸಿಮೆಂಟ್. ಹವಳದ ಕಲ್ಲು ಉಪ್ಪುನೀರು ಹೀರಿ ಬಿಡ್ತಾ ಇರುತ್ತೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತೆ, ಸಿಮೆಂಟ್ ಒಳಗೇ ಕಟ್ಟಿಹಾಕುತ್ತೆ. ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ, ಕೆಲವೇ ವರ್ಷದಲ್ಲಿ ಸಿಮೆಂಟು ಹಾಳೆ ಹಾಳೆಯಾಗಿ ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬೀಳುತ್ತೆ. ಒಂದು ಪಾಲು ಹಳೆಯ ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು, ಅದೂ ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ಮರಳಿನ ಉಪ್ಪು ಹೋಗದಿದ್ದರೆ ಆ ಕೆಲಸವೂ ದಂಡ.

ಕರಾವಳಿ_ಕಡತ
ಹಂಚು ನಿಜ, ಬರೀ ಮಾತಲ್ಲ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿತು, ಪೂರ್ವ ಆಫ್ರಿಕಾ ದೊಡ್ಡ ಗಿರಾಕಿ ಆಯ್ತು. ಮಚ್ವೆ, ಪತ್ತೇಮಾರಿ ಅನ್ನುವ ಹಾಯಿ ಹಡಗುಗಳಲ್ಲೂ ಹೋಯಿತು. ಒಂದು ಹಂಚು ಎರಡೂವರೆ ಕೆಜಿಯ ಆಸುಪಾಸು, ನೂರು ಚದರಡಿಗೆ 150 ಬೇಕು. ಹಡಗಿನಲ್ಲಿ ಹಂಚನ್ನು ಮಲಗಿಸಿ ಪೇರಿಸಬಾರದು, ತೊನೆದಾಟಕ್ಕೆ ಅಡಿಯದ್ದು ಒಡೆಯುತ್ತದೆ. ಅಂಚಿನ ಮೇಲೆ ನಿಲ್ಲಿಸಿ, ಸಂದಿಗೆ ಹುಲ್ಲು ತುರುಕಬೇಕು.

ಮಡಲಿನ ಮಾಡಿಗೆ ಬೆಂಕಿಯ ಭಯ, ತಗಡಿಗೆ ಉಪ್ಪುಗಾಳಿಯ ತುಕ್ಕು. ಹಂಚಿಗೆ ಎರಡೂ ಇಲ್ಲ. ಆದರೆ ಮಾಡಿನ ಇಳಿಜಾರು ಸಾಕಷ್ಟಿರಬೇಕು, ರೀಪಿನಿಂದ ರೀಪಿಗೆ ಹನ್ನೆರಡೂವರೆ ಇಂಚು. ಹೆಚ್ಚಾದರೆ ಕೊಕ್ಕೆ ಕೂರುವುದಿಲ್ಲ, ಕಡಿಮೆಯಾದರೆ ಹಂಚು ಎದ್ದು ನಿಂತು ನೀರು ಒಳಗೆ ಬರ್ತದೆ.

ಗೇಜು_ಗಾಲಿ
ಈಗ ಮೊಂಬಾಸಾಕ್ಕೆ ರೈಲಿನಲ್ಲಿ ಹೋಗುವವರು ಒಂದು ನೆನಪಿಡಿ. 2017ರಲ್ಲಿ ಬಂದ ಹೊಸ ಸ್ಟ್ಯಾಂಡರ್ಡ್ ಗೇಜ್ ರೈಲು ದ್ವೀಪದೊಳಗೆ ಬರಲ್ಲ, ಮಿರಿತಿನಿಯಲ್ಲೇ ನಿಲ್ಲುತ್ತೆ. ಅಲ್ಲಿಂದ ಹಳೇ ಪೇಟೆಗೆ ‘ಮಟಾಟು’ (ಬಾಡಿಗೆ ಮಿನಿಬಸ್ಸು) ಅಥವಾ ಟ್ಯಾಕ್ಸಿ. ದಕ್ಷಿಣದ ದಡಕ್ಕೆ ಲಿಕೋನಿ ಫೆರ್ರಿ, ನಡೆದು ಹತ್ತುವವರಿಗೆ ಹಣ ಇಲ್ಲ, ಗಾಡಿಗೆ ಮಾತ್ರ.

ಮೂಡಣ_ಗಾಳಿ
ಚಹಾ ಸೇರಿಸಿ. ಕೀನ್ಯಾ, ಉಗಾಂಡಾ, ರುವಾಂಡಾದ ಸಿಟಿಸಿ (ಎಲೆ ಜಜ್ಜಿ ಹರಿದು ಕಾಳಾಗಿಸಿದ) ಚಹಾ ಹರಾಜಾಗೋದು ಮೊಂಬಾಸಾದಲ್ಲಿ, 1969ರಿಂದ. 2019ರ ಜನಗಣತಿಯಲ್ಲಿ ಮೊಂಬಾಸಾ ಕೌಂಟಿಯ (ನಮ್ಮ ಜಿಲ್ಲೆಯಂತೆ) ಜನ 12,08,333. ಅವರಲ್ಲಿ ಅದೆಷ್ಟೋ ಮಂದಿಯ ಅನ್ನ ಕಿಲಿಂದಿನಿಯ ಕ್ರೇನುಗಳ ಕೆಳಗೇ ಇದೆ.

ಪುಟತಿರುವು
ತುಂಬಾ ಉಪಕಾರವಾಯ್ತು. ಬರಹ ಗಾಳಿಯಿಂದಲೇ ಶುರುವಾಗಲಿದೆ, ಕೋಟೆ ಮೂರನೇ ಪುಟಕ್ಕೆ. ಒಂದು ಹಳೇ ಮನೆಯ ಹಂಚಿನ ಫೋಟೋ ಸಿಕ್ಕಿದೆ, ‘1865’ ಅಂತ ಅಚ್ಚಿದೆ. ಹಾಗಿದ್ದರೆ ‘1865ರ ಮನೆ’ ಅಂತ ಶೀರ್ಷಿಕೆ ಕೊಡಬಹುದಾ?

ಕರಾವಳಿ_ಕಡತ
ಬೇಡ ಬೇಡ. ಅದು ಕಾರ್ಖಾನೆ ಶುರುವಾದ ಇಸವಿ, ಹಂಚು ಸುಟ್ಟ ಇಸವಿ ಅಲ್ಲ. ಎಷ್ಟೋ ವರ್ಷ ಕಳೆದ ಮೇಲೂ ಅದೇ ಅಚ್ಚು ಒತ್ತುತ್ತಿದ್ದರು. ಕಾರ್ಖಾನೆಯ ಹೆಸರು ಪೂರ್ತಿ ಓದಲು ಮುಚ್ಚಿಗೆ ಇಲ್ಲದ ಕೋಣೆಯೊಳಗೆ ನಿಂತು ಮೇಲೆ ನೋಡಬೇಕು, ಅಚ್ಚು ಇರುವುದು ಹಂಚಿನ ಒಳಮೈಯಲ್ಲಿ. ಒಂದೇ ಮಾಡಿನಲ್ಲಿ ಮೂರು ನಾಲ್ಕು ಕಾರ್ಖಾನೆಗಳ ಹೆಸರು ಕಂಡರೆ ಆಗಾಗ ಒಡೆದದ್ದನ್ನು ಬದಲಿಸಿದ್ದಾರೆ ಅಂತ ಅರ್ಥ. ಸುಮ್ಮನೆ ‘ಮಂಗಳೂರು ಹಂಚಿನ ಮನೆ, ಮೊಂಬಾಸಾ’ ಅಂತ ಹಾಕಿ.